ಸ್ವಂತ ಕ್ಯಾಸೆಟ್ ಕಾಪಿ ಮಾಡಿಕೊಳ್ಳುವುದು ಪೈರಸಿಯೇ? ಕಾನೂನು ಕೊಟ್ಟ ಹಕ್ಕು, ಮಾರುಕಟ್ಟೆ ಕಸಿದ ಹಕ್ಕು

ಕಳೆದ ತಿಂಗಳು ಊರಿಗೆ ಹೋದಾಗ ಅಟ್ಟದ ಮೇಲಿದ್ದ ಹಳೇ ಟ್ರಂಕ್ ಕೆಳಗಿಳಿಸಿದೆವು. ಒಳಗೆ ಅಪ್ಪ ಎಂಬತ್ತು, ತೊಂಬತ್ತರ ದಶಕದಲ್ಲಿ ದುಡ್ಡು ಕೊಟ್ಟು ಕೊಂಡಿದ್ದ ನಲವತ್ತೊಂದು ಕ್ಯಾಸೆಟ್‌ಗಳು. ಭಾವಗೀತೆ, ಹರಿಕಥೆ, ತಾಳಮದ್ದಲೆ. ಮೊಬೈಲಿನಲ್ಲಿ ಹುಡುಕಿದರೆ ಅರ್ಧದಷ್ಟು ಯಾವ ಆ್ಯಪ್‌ನಲ್ಲೂ ಇಲ್ಲ. ಎರಡು ಕ್ಯಾಸೆಟ್‌ಗೆ ಆಗಲೇ ಬೂಷ್ಟು ಹಿಡಿದಿತ್ತು. "ಎಲ್ಲಾ ಲ್ಯಾಪ್‌ಟಾಪಿಗೆ ಹಾಕಿಬಿಡ್ತೀನಿ" ಅಂದೆ. ಪಿಯುಸಿ ಓದುತ್ತಿರುವ ಅಕ್ಕನ ಮಗಳು ತಕ್ಷಣ ಕೇಳಿದಳು: "ಮಾಮ, ಅದು ಪೈರಸಿ ಅಲ್ವಾ?"

ಮೊದಲು ನಗು ಬಂತು. ಆಮೇಲೆ, ಇದು ನಗುವ ವಿಷಯ ಅಲ್ಲ ಅನ್ನಿಸಿತು. ಪೈರಸಿ ಅಪರಾಧ ಅಂತ ಅವಳು ನೂರು ಸಲ ಕೇಳಿಸಿಕೊಂಡಿದ್ದಾಳೆ. ಸ್ವಂತಕ್ಕೆ ನಕಲು ಮಾಡಿಕೊಳ್ಳುವುದಕ್ಕೆ ಕಾನೂನಿನಲ್ಲೇ ಜಾಗ ಇದೆ ಅಂತ ಒಂದು ಸಲವೂ ಯಾರೂ ಹೇಳಿಲ್ಲ. ಎಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಹಾರ್ಡ್ ಡಿಸ್ಕ್ ಹಿಡಿದು ರೂಮಿಂದ ರೂಮಿಗೆ ಓಡಾಡಿದ ನನಗೂ ಆಗ ಈ ವ್ಯತ್ಯಾಸ ಗೊತ್ತಿರಲಿಲ್ಲ.

ಹಾಗಾಗಿ ನೇರ ಉತ್ತರ ಮೊದಲು: ನೀವು ಕೊಂಡ ಕ್ಯಾಸೆಟ್, ಸಿಡಿ, ಪುಸ್ತಕವನ್ನು ನಿಮ್ಮದೇ ಬಳಕೆಗೆ ಕಾಪಿ ಮಾಡಿಕೊಂಡರೆ ಭಾರತದ ಕಾನೂನು ನಿಮ್ಮ ಪರ ನಿಲ್ಲುತ್ತದೆ.

2012ರಲ್ಲಿ ಬದಲಾದ ಒಂದು ಸಾಲು

1957ರ ಹಕ್ಕುಸ್ವಾಮ್ಯ ಕಾಯ್ದೆಯ ಸೆಕ್ಷನ್ 52, ಯಾವುದು ಉಲ್ಲಂಘನೆ ಅಲ್ಲ ಎಂಬ ಪಟ್ಟಿ. ಅದರ ಮೊದಲ ಉಪವಾಕ್ಯವೇ ಖಾಸಗಿ ಅಥವಾ ವೈಯಕ್ತಿಕ ಬಳಕೆಗಾಗಿ ಮಾಡುವ 'ಫೇರ್ ಡೀಲಿಂಗ್', ಅಂದರೆ ನ್ಯಾಯೋಚಿತ ಬಳಕೆ. ಆದರೆ 2012ರವರೆಗೆ ಈ ವಿನಾಯಿತಿ ಇದ್ದದ್ದು ಸಾಹಿತ್ಯ, ನಾಟಕ, ಸಂಗೀತ, ಕಲಾಕೃತಿಗಳಿಗೆ ಮಾತ್ರ. ಧ್ವನಿಮುದ್ರಣ ಮತ್ತು ಸಿನಿಮಾ ಕಾಯ್ದೆಯ ಲೆಕ್ಕದಲ್ಲಿ ಬೇರೆಯೇ ವರ್ಗ. ಹಾಡಿನ ಸಾಹಿತ್ಯವನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡರೆ ರಕ್ಷಣೆ ಇತ್ತು. ಅದೇ ಹಾಡಿನ ಕ್ಯಾಸೆಟ್ಟನ್ನು ಖಾಲಿ ಕ್ಯಾಸೆಟ್ಟಿಗೆ ಇಳಿಸಿಕೊಂಡರೆ ಇರಲಿಲ್ಲ. ಟೇಪ್ ರೆಕಾರ್ಡರ್ ಕಾಲದ ಮನೆಗಳಲ್ಲೆಲ್ಲ ನಡೆಯುತ್ತಿದ್ದ ಕೆಲಸಕ್ಕೆ ಕಾಗದದ ಮೇಲೆ ಅನುಮತಿಯೇ ಇರಲಿಲ್ಲ.

2012ರ ಜೂನ್ 21ರಂದು ಜಾರಿಗೆ ಬಂದ ತಿದ್ದುಪಡಿ ಈ ಸಾಲನ್ನು ಬದಲಿಸಿತು. ಕಂಪ್ಯೂಟರ್ ಪ್ರೋಗ್ರಾಂ ಬಿಟ್ಟು 'ಯಾವುದೇ ಕೃತಿ' ಎಂದಾಯಿತು. ಹೀಗೆ ಹಾಡು, ಸಿನಿಮಾ ಎರಡೂ ಒಳಬಂದವು. ಇಂಥ ಉದ್ದೇಶಕ್ಕೆ ಕೃತಿಯನ್ನು ಎಲೆಕ್ಟ್ರಾನಿಕ್ ಮಾಧ್ಯಮದಲ್ಲಿ ಸಂಗ್ರಹಿಸಿಡುವುದು ಉಲ್ಲಂಘನೆಯಲ್ಲ ಎಂಬ ವಿವರಣೆಯೂ ಸೇರಿತು. ಸಾಫ್ಟ್‌ವೇರ್‌ಗೆ ಬೇರೆ ನಿಯಮ: ಕಾನೂನುಬದ್ಧವಾಗಿ ಹೊಂದಿರುವವರು ಹಾಳಾದರೆ, ಕಳೆದರೆ ಇರಲಿ ಅಂತ ಬ್ಯಾಕಪ್ ಮಾಡಿಟ್ಟುಕೊಳ್ಳಬಹುದು.

'ನ್ಯಾಯೋಚಿತ' ಅಂದರೆ ಎಷ್ಟು?

ಕಾಯ್ದೆ ಈ ಪದಕ್ಕೆ ವ್ಯಾಖ್ಯಾನ ಕೊಟ್ಟಿಲ್ಲ, ಕೋರ್ಟುಗಳು ಸಂದರ್ಭ ನೋಡಿ ತೀರ್ಮಾನಿಸುತ್ತವೆ. 1996ರಲ್ಲಿ ಒಂದು ನಾಟಕದ ಪ್ರಕರಣದಲ್ಲಿ ಕೇರಳ ಹೈಕೋರ್ಟ್ ಮೂರು ಅಳತೆಗೋಲು ಇಟ್ಟಿತು: ಎಷ್ಟು ತೆಗೆದುಕೊಂಡಿರಿ, ಯಾಕೆ ತೆಗೆದುಕೊಂಡಿರಿ, ಅದರಿಂದ ಮೂಲ ಕೃತಿಯ ಮಾರುಕಟ್ಟೆಗೆ ಪೈಪೋಟಿ ಆಗುತ್ತದಾ. ನಮ್ಮ ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಗಳ ಹಕ್ಕಿನ ವಿವಾದ ಸುಪ್ರೀಂ ಕೋರ್ಟ್ ಮುಟ್ಟಿದಾಗ, 2009ರ ತೀರ್ಪು ಉಯಿಲಿನಂತೆ ಹಕ್ಕು ಪಡೆದವರ ಪರವಾಗಿಯೇ ಬಂತು. ಜೊತೆಗೇ, ಸೆಕ್ಷನ್ 52 ಬಿಟ್ಟುಕೊಟ್ಟಿರುವ ಬಳಕೆಗಳ ಮೇಲೆ ಆ ಹಕ್ಕು ಚಲಾಯಿಸಲಾಗದು ಎಂದೂ ಕೋರ್ಟ್ ಸ್ಪಷ್ಟಪಡಿಸಿತು.

ಈ ಅಳತೆಗೋಲನ್ನು ಟ್ರಂಕಿಗೆ ಹಚ್ಚಿ ನೋಡಿ. ಇಡೀ ಕ್ಯಾಸೆಟ್ ಕಾಪಿ ಆಗುತ್ತದೆ, ನಿಜ. ಆದರೆ ಉದ್ದೇಶ ಮನೆಯಲ್ಲಿ ಕೇಳುವುದು. ಒಂದು ಸಲ ದುಡ್ಡು ಕೊಟ್ಟಾಗಿದೆ, ಕಂಪನಿಗೆ ಹೊಸದಾಗಿ ನಷ್ಟ ಏನೂ ಇಲ್ಲ. ನಿನ್ನೆ ಬಿಡುಗಡೆಯಾದ ಸಿನಿಮಾವನ್ನು ಟೆಲಿಗ್ರಾಂನಿಂದ ಇಳಿಸಿಕೊಂಡು 'ಸ್ವಂತಕ್ಕೆ ತಾನೇ' ಅಂದರೆ ಲೆಕ್ಕ ಬೇರೆ. ಅಲ್ಲಿ ಮೂಲ ಪ್ರತಿಯೇ ಕದ್ದದ್ದು, ಟಿಕೆಟ್ಟಿಗೆ ನೇರ ಪೈಪೋಟಿ.

ಹಾಗೇ ಫೈಲು ನಿಮ್ಮ ಕೈಬಿಟ್ಟ ಕ್ಷಣ 'ಖಾಸಗಿ' ಎಂಬ ಪದದ ಹಿಡಿತವೂ ಸಡಿಲವಾಗುತ್ತದೆ. ಇನ್ನೂರೈವತ್ತು ಜನರ ವಾಟ್ಸ್ಆ್ಯಪ್ ಗ್ರೂಪು ಖಾಸಗಿ ಅಲ್ಲ, ಯೂಟ್ಯೂಬ್ ಅಂತೂ ಅಲ್ಲವೇ ಅಲ್ಲ. ಸೆಕ್ಷನ್ 63ರ ಪ್ರಕಾರ ಗೊತ್ತಿದ್ದೂ ಉಲ್ಲಂಘಿಸಿದರೆ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ವ್ಯಾಪಾರದ ಲಾಭಕ್ಕೆ ಮಾಡಿದ್ದಲ್ಲ ಎಂದಾದರೆ ಕೋರ್ಟ್ ಕಾರಣ ಬರೆದು ಶಿಕ್ಷೆ ಕಡಿಮೆ ಮಾಡಬಹುದು. ಆದರೆ ಇದು ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನುರಹಿತ ಅಪರಾಧ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಕರ್ನಾಟಕದಲ್ಲಿ ಇನ್ನೂ ಒಂದು ಪದರ ಇದೆ. ನಾವು ಗೂಂಡಾ ಕಾಯ್ದೆ ಅಂತ ಕರೆಯುವ 1985ರ ರಾಜ್ಯ ಕಾನೂನಿನೊಳಗೆ ವಿಡಿಯೊ, ಆಡಿಯೊ ಪೈರೇಟ್‌ಗಳು ಮೊದಲೇ ಇದ್ದರು. 2014ರ ತಿದ್ದುಪಡಿ 'ಡಿಜಿಟಲ್ ಅಪರಾಧಿ'ಗಳನ್ನೂ ಸೇರಿಸಿತು. ಹಕ್ಕುಸ್ವಾಮ್ಯದ ವಿಷಯದಲ್ಲಿ 'ವಾಣಿಜ್ಯ ಉದ್ದೇಶ' ಇರಬೇಕು ಎಂಬ ಮಾತು ಅದರಲ್ಲಿದೆ ಅನ್ನುವುದೇ ಸಮಾಧಾನ. ಆದರೆ ವಿಚಾರಣೆಯೇ ಇಲ್ಲದೆ ಒಂದು ವರ್ಷದವರೆಗೆ ಒಳಗಿಡಬಹುದಾದ ಕಾನೂನಿನಲ್ಲಿ, ಆ ಉದ್ದೇಶ ಇತ್ತೋ ಇಲ್ಲವೋ ಎಂದು ಮೊದಲು ತೀರ್ಮಾನಿಸುವುದು ಕೋರ್ಟ್ ಅಲ್ಲ, ಅಧಿಕಾರಿ. ನಿಮ್ಮ ಹಕ್ಕು ಎಲ್ಲಿವರೆಗೆ ಇದೆ ಅಂತ ನಿಮಗೆ ಗೊತ್ತಿರಬೇಕಾದ್ದು ಇದಕ್ಕೇ.

ಬೀಗ ಒಡೆಯಬಹುದಾ?

ಕ್ಯಾಸೆಟ್ಟಿಗೆ ಬೀಗ ಇರಲಿಲ್ಲ. ಡಿವಿಡಿಗೆ, ಇ-ಬುಕ್‌ಗೆ ಡಿಜಿಟಲ್ ಬೀಗ ಇರುತ್ತದೆ, ಡಿಆರ್‌ಎಂ ಅಂತೀವಲ್ಲ ಅದು. ಅಮೆರಿಕದ 1998ರ ಡಿಎಂಸಿಎ ಕಾನೂನಿನಲ್ಲಿ ಬೀಗ ಮುರಿಯುವುದೇ ತಪ್ಪು. ಸ್ವಂತ ಡಿವಿಡಿಯಾದರೂ, ಕೆಲವು ನಿರ್ದಿಷ್ಟ ವಿನಾಯಿತಿ ಬಿಟ್ಟರೆ, ತಪ್ಪೇ. ನಮ್ಮ ಸೆಕ್ಷನ್ 65ಎ ಹಾಗಿಲ್ಲ. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಮುರಿದರೆ ಮಾತ್ರ ಎರಡು ವರ್ಷದವರೆಗೆ ಜೈಲು. ಕಾಯ್ದೆ ನಿಷೇಧಿಸದ ಕೆಲಸಕ್ಕಾಗಿ ಮುರಿದರೆ ಅಡ್ಡಿಯಿಲ್ಲ. ಬೇರೆಯವರ ಕೈಲಿ ಮುರಿಸಿದರೆ ಅವರು ನಿಮ್ಮ ಹೆಸರು, ವಿಳಾಸ, ಉದ್ದೇಶ ಬರೆದಿಟ್ಟುಕೊಳ್ಳಬೇಕು ಎಂಬ ಷರತ್ತಿದೆ.

ಬ್ರಿಟನ್ ನೋಡಿ. ಸ್ವಂತ ಸಿಡಿಯನ್ನು ಕಂಪ್ಯೂಟರಿಗೆ ಹಾಕಿಕೊಳ್ಳಲು ಅಲ್ಲಿ ಅನುಮತಿ ಸಿಕ್ಕಿದ್ದೇ 2014ರ ಅಕ್ಟೋಬರಿನಲ್ಲಿ. ಸಂಗೀತಗಾರರ ಸಂಘಟನೆಗಳು ಕೋರ್ಟಿಗೆ ಹೋದವು, 2015ರ ಜುಲೈನಲ್ಲಿ ಆ ನಿಯಮವೇ ರದ್ದಾಯಿತು. ಕಲಾವಿದರ ವಾದ ಪೊಳ್ಳಲ್ಲ: ನಕಲಿಗೆ ಅವಕಾಶ ಕೊಡುವುದಾದರೆ ನಮಗೆ ಪರಿಹಾರ ಎಲ್ಲಿ ಅಂತ ಅವರು ಕೇಳಿದ್ದರು. ಜರ್ಮನಿ 1965ರಲ್ಲೇ ಇದಕ್ಕೆ ದಾರಿ ಹುಡುಕಿತ್ತು. ರೆಕಾರ್ಡಿಂಗ್ ಉಪಕರಣದ ಬೆಲೆಯಲ್ಲೇ ಸಣ್ಣ ಮೊತ್ತ ಸೇರಿಸಿ ಕಲಾವಿದರಿಗೆ ಹಂಚುವುದು. ಭಾರತದಲ್ಲಿ ಇಂಥ ಶುಲ್ಕ ಇಲ್ಲ. ಕಲಾವಿದರ ಪಾಲಿನ ಚರ್ಚೆ ಇಲ್ಲಿಯೂ ಆಗಬೇಕು.

ಹಕ್ಕಿದೆ, ವಸ್ತುವೇ ಇಲ್ಲ

ಇಷ್ಟು ಒಳ್ಳೆಯ ಹಕ್ಕು ಕೈಗೆ ಬಂದ ಹೊತ್ತಿಗೆ ಅದನ್ನು ಬಳಸಲು ಬೇಕಾದ ವಸ್ತು ಕೈಜಾರಿತು. ಅಪ್ಪ ಕ್ಯಾಸೆಟ್ ಕೊಂಡರು. ನಾವು 'ಬೈ' ಬಟನ್ ಒತ್ತಿ ಕೊಳ್ಳುವುದು ಬಹುತೇಕ ಲೈಸೆನ್ಸ್ ಮಾತ್ರ. 2009ರಲ್ಲಿ ಅಮೆಜಾನ್, ಗ್ರಾಹಕರು ದುಡ್ಡು ಕೊಟ್ಟು ಇಳಿಸಿಕೊಂಡಿದ್ದ ಪುಸ್ತಕಗಳನ್ನು ಅವರ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿತು. ಅವುಗಳಲ್ಲಿ ಒಂದು ಜಾರ್ಜ್ ಆರ್ವೆಲ್‌ನ '1984'. 2025ರ ಫೆಬ್ರವರಿಯಲ್ಲಿ, ಕೊಂಡ ಇ-ಬುಕ್ಕನ್ನು ಕಂಪ್ಯೂಟರಿಗೆ ಇಳಿಸಿ ಯುಎಸ್‌ಬಿ ಮೂಲಕ ಸಾಗಿಸುವ ಸೌಲಭ್ಯವನ್ನೂ ತೆಗೆದುಹಾಕಿತು. ನೀವು ಸಿಕ್ಕಿಸಿಕೊಂಡಿರುವುದು ಒಂದು ಪ್ರತಿಯಲ್ಲ, ಅವರು ತೆರೆದಿಟ್ಟಷ್ಟು ದಿನ ಒಳಗೆ ಹೋಗುವ ಅನುಮತಿ.

ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಹೊಸ ನಿಯಮ ಇದೆ: ಡಿಜಿಟಲ್ ಸರಕಿಗೆ 'ಬೈ' ಅಂತ ಬರೆದರೆ, ಇದು ಬರೀ ಲೈಸೆನ್ಸ್ ಅಂತ ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕು. ನಮ್ಮ ಗ್ರಾಹಕ ಕಾನೂನಿನಲ್ಲೂ ಇಷ್ಟನ್ನು ಕೇಳುವುದು ದೊಡ್ಡ ಬೇಡಿಕೆಯೇನಲ್ಲ.

ಇನ್ನೊಂದು ಬೇಡಿಕೆ ನಮ್ಮ ರಾಜ್ಯದ್ದೇ. ಧ್ವನಿಮುದ್ರಣಕ್ಕೆ ಹಕ್ಕುಸ್ವಾಮ್ಯ 60 ವರ್ಷ. 1988ರಲ್ಲಿ ಬಿಡುಗಡೆಯಾದ ಕ್ಯಾಸೆಟ್ 2048ರ ಕೊನೆಯವರೆಗೆ ರಕ್ಷಣೆಯಲ್ಲಿರುತ್ತದೆ. ಟೇಪಿನ ಮೇಲಿನ ಕಾಂತೀಯ ಲೇಪನ ಅಷ್ಟು ವರ್ಷ ಕಾಯುತ್ತದೆ ಅಂತ ನಂಬಿ ಕೂರುವಂತಿಲ್ಲ. ಇದಕ್ಕೂ 2012ರ ತಿದ್ದುಪಡಿಯಲ್ಲಿ ಬಾಗಿಲಿದೆ. ಲಾಭಕ್ಕಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನ ಬಳಿ ಡಿಜಿಟಲ್ ಅಲ್ಲದ ಪ್ರತಿ ಇದ್ದರೆ, ಸಂರಕ್ಷಣೆಗಾಗಿ ಅದನ್ನು ಡಿಜಿಟಲ್ ಮಾಡಿ ಇಟ್ಟುಕೊಳ್ಳಬಹುದು, ಯಾರ ಅನುಮತಿಯೂ ಬೇಡ. ನಾವೆಲ್ಲ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತೇವೆ. ಊರಿನ ಗ್ರಂಥಾಲಯ ಮನೆಮನೆಯ ಅಟ್ಟದಲ್ಲಿರುವ ಕ್ಯಾಸೆಟ್‌ಗಳನ್ನು ಪಡೆದು, ಪಟ್ಟಿ ಮಾಡಿ, ಡಿಜಿಟಲ್ ಮಾಡಿ ಉಳಿಸಲಿ ಅಂತ ಕೇಳೋಣ.

ಅಲ್ಲಿವರೆಗೆ ನಿಮ್ಮ ಟ್ರಂಕ್ ನೀವೇ ತೆಗೆಯಿರಿ. ಓಡುವ ಒಂದು ಪ್ಲೇಯರ್, ಒಂದು ಕೇಬಲ್, ಲ್ಯಾಪ್‌ಟಾಪಿನಲ್ಲಿ ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್ ಸಾಕು. ಬೂಷ್ಟು ಹಿಡಿದ ಟೇಪನ್ನು ಶುಚಿ ಮಾಡದೆ ಹಾಕಬೇಡಿ, ಪ್ಲೇಯರ್‌ನ ಹೆಡ್ ಕೆಡುತ್ತದೆ. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಅರವತ್ತು ನಿಮಿಷ ಬೇಕೇ ಬೇಕು, ಅವಸರ ಮಾಡುವ ಹಾಗಿಲ್ಲ. ಮೂಲ ಕ್ಯಾಸೆಟ್ ಎಸೆಯಬೇಡಿ, ಮಾರಲೂಬೇಡಿ. ಇದು ನೀವು ಕೊಂಡದ್ದು ಅನ್ನುವುದಕ್ಕೆ ಅದೇ ಸಾಕ್ಷಿ.

ನಮ್ಮ ಮನೆಯಲ್ಲಿ ಮೊದಲ ಒಂಬತ್ತು ಆಗಿವೆ. ಮುಂದಿನ ಸಲ ಹೋದಾಗ ಕೇಬಲ್ ಹಿಡಿದು ಕೂರುವುದು ಅಕ್ಕನ ಮಗಳೇ, ಅವಳೇ ಹೇಳಿದ್ದಾಳೆ.