ನೋಟ್ಸಿನಲ್ಲಿ ಉಳಿದ ಕಾನೂನು

ಸ್ಪೇನಿನ ಸಲಮಾಂಕಾ ವಿಶ್ವವಿದ್ಯಾಲಯದ ಹಳೆಯ ಕಟ್ಟಡದ ಮುಂದೆ ನಾಲ್ಕಾರು ಜನ ಕತ್ತೆತ್ತಿ ಗೋಡೆಯಲ್ಲಿ ಏನನ್ನೋ ಹುಡುಕುತ್ತಿರುತ್ತಾರೆ. ಕಿಕ್ಕಿರಿದ ಕೆತ್ತನೆಯ ನಡುವೆ ಒಂದು ತಲೆಬುರುಡೆ, ಅದರ ಮೇಲೊಂದು ಪುಟ್ಟ ಕಪ್ಪೆ. ಯಾರೂ ತೋರಿಸಿಕೊಡದೆ ಅದನ್ನು ಕಂಡವರು ಪರೀಕ್ಷೆಯಲ್ಲಿ ಪಾಸು ಎಂಬ ನಂಬಿಕೆ. ಬೆರಳು ಮಾಡಿ ತೋರಿಸುವ ಗೈಡುಗಳು ಬಂದ ಮೇಲೆ ಆ ಪುಣ್ಯ ಎಷ್ಟು ಜನರಿಗೆ ದಕ್ಕುತ್ತದೋ!

1218ರಲ್ಲಿ ಲೆಯೋನ್ ದೊರೆ ಒಂಬತ್ತನೇ ಅಲ್ಫೊನ್ಸೊ ಸ್ಥಾಪಿಸಿದ ಈ ವಿದ್ಯಾಕೇಂದ್ರ, ಸ್ಪ್ಯಾನಿಷ್ ನಾಡುಗಳಲ್ಲಿ ಇಂದಿಗೂ ನಡೆಯುತ್ತಿರುವ ವಿಶ್ವವಿದ್ಯಾಲಯಗಳಲ್ಲೆಲ್ಲ ಹಿರಿಯದು. ಬೇರೆ ದೇಶದಿಂದ ಒಂದೆರಡು ಸೆಮಿಸ್ಟರಿಗೆಂದು ಬರುವ ಕಾನೂನು ವಿದ್ಯಾರ್ಥಿಗೆ ಇಲ್ಲಿ ಕಪ್ಪೆಗಿಂತ ಮುಖ್ಯನಾದವನು ಫ್ರಾನ್ಸಿಸ್ಕೊ ದೆ ವಿತೋರಿಯಾ. 1526ರಲ್ಲಿ ಇಲ್ಲಿನ ದೇವತಾಶಾಸ್ತ್ರದ ಪ್ರಧಾನ ಪೀಠಕ್ಕೆ ಬಂದ ಡೊಮಿನಿಕನ್ ಸನ್ಯಾಸಿ. 1539ರ ಹೊತ್ತಿಗೆ, ಸ್ಪೇನಿನ ದಂಡನಾಯಕ ಪಿಸಾರೊ ದಕ್ಷಿಣ ಅಮೆರಿಕದ ಪೆರುವನ್ನು ಲೂಟಿ ಮಾಡಿ ಇನ್ನೂ ಹೆಚ್ಚು ವರ್ಷ ಕಳೆದಿರಲಿಲ್ಲ. ಅಲ್ಲಿನ ಚಿನ್ನ ಸ್ಪೇನಿಗೆ ಬರುತ್ತಿದ್ದ ಆ ಕಾಲದಲ್ಲೇ ವಿತೋರಿಯಾ ತುಂಬಿದ ತರಗತಿಯಲ್ಲಿ ನಿಂತು ಕೇಳಿದ: ಆ ನೆಲ ನಮ್ಮದಾದದ್ದು ಯಾವ ಹಕ್ಕಿನಿಂದ? ಅಲ್ಲಿನ ಮೂಲನಿವಾಸಿಗಳೇ ಅದರ ನಿಜವಾದ ಒಡೆಯರು; ಚಕ್ರವರ್ತಿ ಲೋಕಕ್ಕೆಲ್ಲ ಒಡೆಯನಲ್ಲ, ಪೋಪ್ ಕೂಡ ಅಲ್ಲ; ಕ್ರೈಸ್ತ ಮತ ಒಪ್ಪಲಿಲ್ಲವೆಂದು ಯಾರ ಮೇಲೂ ಯುದ್ಧ ಸಾರುವಂತಿಲ್ಲ ಎಂದು ವಾದಿಸಿದ. ಅದೇ ವರ್ಷದ ನವೆಂಬರಿನಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಸಲಮಾಂಕಾದ ಸ್ಯಾನ್ ಎಸ್ತೆಬಾನ್ ಮಠದ ಮುಖ್ಯಸ್ಥನಿಗೆ ಪತ್ರ ಬರೆದು, ಈ ಚರ್ಚೆ ನಿಲ್ಲಲಿ ಎಂದು ಅಪ್ಪಣೆ ಮಾಡಿದ.

ವಿತೋರಿಯಾನನ್ನು ಪೂರ್ತಿ ಹೊಗಳುವಂತೆಯೂ ಇಲ್ಲ. ವ್ಯಾಪಾರ ಮಾಡುವ, ಮತ ಬೋಧಿಸುವ ಹಕ್ಕನ್ನು ತಡೆದರೆ ಯುದ್ಧ ನ್ಯಾಯವಾದೀತು ಎಂದು ಅವನು ಬಿಟ್ಟ ಕಿಂಡಿ ಸಾಕಷ್ಟು ಅಗಲವೇ ಇತ್ತು. ಆದರೂ ಅಂತರರಾಷ್ಟ್ರೀಯ ಕಾನೂನಿನ ಪಠ್ಯಗಳು ಅವನನ್ನು ಬಿಟ್ಟು ಶುರುವಾಗುವುದು ಅಪರೂಪ. ಸೋಜಿಗವೆಂದರೆ ಬದುಕಿರುವಾಗ ಅವನು ಈ ಉಪನ್ಯಾಸಗಳನ್ನು ಅಚ್ಚು ಹಾಕಿಸಲೇ ಇಲ್ಲ. ತರಗತಿಯಲ್ಲಿ ನಿಧಾನವಾಗಿ ಹೇಳಿ ಬರೆಸುವ ಪ್ಯಾರಿಸ್ಸಿನ ಪದ್ಧತಿಯನ್ನು ಇಲ್ಲಿಗೆ ತಂದವನು ಅವನೇ. 1546ರಲ್ಲಿ ಅವನು ತೀರಿಕೊಂಡ ಮೇಲೆ, ಕೈಯಿಂದ ಕೈಗೆ ಸಾಗಿದ ವಿದ್ಯಾರ್ಥಿಗಳ ನೋಟ್ಸೇ 1557ರಲ್ಲಿ ಫ್ರಾನ್ಸಿನ ಲಿಯೋಂನಲ್ಲಿ ಪುಸ್ತಕವಾಯಿತು.

ಹಾಗೆ ಬರೆದುಕೊಳ್ಳಲು ಎಂಥ ಜಾಗವಿತ್ತು ಎಂದು ನೋಡಬೇಕಾದರೆ ಹಳೆಯ ಕಟ್ಟಡದ ಫ್ರೈ ಲೂಯಿಸ್ ದೆ ಲೆಯೋನ್ ಕೊಠಡಿಗೆ ಹೋಗಬೇಕು. ಒರಟಾಗಿ ಸೀಳಿದ ತೊಲೆಗಳೇ ಅಲ್ಲಿ ಬೆಂಚು. ಕಿರಿದಾದ ಡೆಸ್ಕುಗಳ ಮೈತುಂಬ ಹುಡುಗರು ಚಾಕುವಿನಿಂದ ಕೊರೆದ ಹೆಸರು, ಗೀಟು. ಮೇಷ್ಟ್ರಿಗೆ ಮಾತ್ರ ಎತ್ತರದ ಮರದ ಪೀಠ.

ಈಗಿನ ಕಾನೂನು ವಿಭಾಗ ಇರುವುದು ಮಿಗೆಲ್ ದೆ ಉನಾಮುನೊ ಹೆಸರಿನ ಹೊಸ ಕ್ಯಾಂಪಸ್ಸಿನಲ್ಲಿ. ಕೇಶವಾನಂದ ಭಾರತಿಯಂಥ ತೀರ್ಪುಗಳನ್ನು ಕಂಠಪಾಠ ಮಾಡಿ ಬೆಳೆದ ನಮ್ಮ ಕಾನೂನು ವಿದ್ಯಾರ್ಥಿಗೆ ಇಲ್ಲಿ ಮೊದಲು ತಬ್ಬಿಬ್ಬಾಗುವುದು ಸಹಜ. ಸ್ಪೇನಿನ 1889ರ ನಾಗರಿಕ ಸಂಹಿತೆಯ ಮೊದಲ ಕಲಮೇ ಕಾನೂನಿನ ಮೂಲಗಳನ್ನು ಎಣಿಸುತ್ತದೆ: ಶಾಸನ, ರೂಢಿ, ಸಾಮಾನ್ಯ ತತ್ವಗಳು. ತೀರ್ಪಿಗೆ ಆ ಪಂಕ್ತಿಯಲ್ಲಿ ಎಲೆಯಿಲ್ಲ. ಸ್ಪೇನಿನ ಸುಪ್ರೀಂ ಕೋರ್ಟು ಮತ್ತೆ ಮತ್ತೆ ಎತ್ತಿಹಿಡಿದ ನಿಲುವು ಕಾನೂನಿಗೆ ಪೂರಕ, ಅಷ್ಟೇ. ಆದ್ದರಿಂದ ಉತ್ತರ ಬರೆಯುವಾಗ ಕೇಸಿನ ಹೆಸರಿನಿಂದಲ್ಲ, ಕಲಮಿನಿಂದ ಹೊರಡಬೇಕು. ಇದನ್ನು ರೂಢಿಸಿಕೊಳ್ಳುವುದು ಸ್ಪ್ಯಾನಿಷ್ ಕಲಿಯುವುದಕ್ಕಿಂತ ಕಷ್ಟ ಎಂದೇ ನನ್ನ ಎಣಿಕೆ. ಪಾಠ ಹಿಡಿತಕ್ಕೆ ಸಿಗುವ ತನಕ ಪಕ್ಕದ ಬೆಂಚಿನವರ ನೋಟ್ಸೇ ಗತಿ.

ಅಂಕ ಹತ್ತಕ್ಕೆ, ಪಾಸಿಗೆ ಐದು. ಅತ್ಯುನ್ನತ ಗೌರವವಾದ ‘ಮತ್ರೀಕುಲಾ ದೆ ಓನೋರ್’ ತರಗತಿಯ ನೂರಕ್ಕೆ ಐದು ಮಂದಿಗಿಂತ ಹೆಚ್ಚಿಗೆ ಸಿಗದು. ಪೂರ್ತಿ ಸೆಮಿಸ್ಟರಿಗೆ 30 ಯುರೋಪಿಯನ್ ಕ್ರೆಡಿಟ್. ಯಾವ ವಿಷಯಕ್ಕೆ ತವರಿನ ಕಾಲೇಜು ಮಾನ್ಯತೆ ಕೊಡುತ್ತದೆ ಎಂಬುದನ್ನು ಹೊರಡುವ ಮುನ್ನವೇ ಬರವಣಿಗೆಯಲ್ಲಿ ಪಡೆದಿರಬೇಕು. ವಿನಿಮಯಕ್ಕೆ ಬಂದವರ ಕೈಗೆ ಕೊನೆಗೆ ಬರುವುದು ಅಂಕಪಟ್ಟಿ ಮಾತ್ರ. ಸ್ಪೇನಿನಲ್ಲೇ ವಕೀಲಿ ಮಾಡುವ ಆಸೆಯಿದ್ದರೆ ನಾಲ್ಕು ವರ್ಷದ ಪದವಿ, ಅದರ ಮೇಲೊಂದು ಸ್ನಾತಕೋತ್ತರ ಕೋರ್ಸು, ಆಮೇಲೆ ಸರ್ಕಾರದ ಪರೀಕ್ಷೆ.