ಅರಸನ ಪ್ರೇಯಸಿಯ ಮೂರು ಚಿತ್ರಗಳು: ವಿನಾಪೋಟಿ, ಚಿನ್ನಾದೇವಿ, ರಂಭಾ

ನಾನು ಜತ್ತ ತಾಲೂಕಿನ ಸನಮಡಿಯವಳು. ನಮ್ಮ ಕಡೆಯವರಿಗೆ ವಿಜಯಪುರ ಹತ್ತಿರ. ಗೋಳಗುಮ್ಮಟದಲ್ಲಿ ಮಹಮ್ಮದ್ ಆದಿಲ್‌ಶಾಹನ (ಆಳ್ವಿಕೆ 1627–1656) ಗೋರಿಯ ಜೊತೆ ಅವನ ಬೇಗಂಗಳ ಗೋರಿಗಳೂ ನರ್ತಕಿ ರಂಭಾಳ ಗೋರಿಯೂ ಇವೆ. ಪ್ರೀತಿ ನಿಜವಾದರೆ ಜಿಗಿದು ತೋರಿಸು ಅಂತ ಸುಲ್ತಾನ ಕೇಳಿದ, ಅವಳು ಮೇಲಿಂದ ಜಿಗಿದೇಬಿಟ್ಟಳು ಅಂತ ಜನ ಹೇಳ್ತಾರೆ. ಇದು ದಂತಕಥೆ. ಆದರೆ ಗಮನಿಸಿ: ರಂಭಾ ಜನರ ನೆನಪಿನಲ್ಲಿ ಉಳಿದಿದ್ದು ಬದುಕಿದ ರೀತಿಯಿಂದಲ್ಲ, ಸತ್ತ ರೀತಿಯಿಂದ. ಅರಸನ ಪ್ರೇಯಸಿಯನ್ನು ಚಿತ್ರಿಸಲು ಇದೊಂದೇ ದಾರಿಯೇ? ಇದು ನನ್ನ ಪ್ರಬಂಧದ ಪ್ರಶ್ನೆ.

ಬಾದಾಮಿ ಸಮೀಪದ ಮಹಾಕೂಟದಲ್ಲಿ ಒಂದು ಕನ್ನಡ ಶಾಸನವಿದೆ. ಚಾಲುಕ್ಯ ವಿಜಯಾದಿತ್ಯನ (696–733) ಕಾಲದ್ದು. ವಿನಾಪೋಟಿ ಎಂಬುವಳನ್ನು ಅದು ಅರಸನ ‘ಪ್ರಾಣವಲ್ಲಭೆ’ ಎನ್ನುತ್ತದೆ, ಜೊತೆಗೇ ‘ಸೂಳೆ’ ಎಂದೂ ಹೇಳುತ್ತದೆ. ಇಂದು ಬೈಗುಳವಾಗಿರುವ ಈ ಪದ ಅಲ್ಲಿ ಗೌರವದ ಬಹುವಚನದೊಂದಿಗೆ ಬರುತ್ತದೆ. ಅವಳು ಹಿರಣ್ಯಗರ್ಭ ದಾನ ಮಾಡಿದಳು; ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ, ಭೂಮಿ ಕೊಟ್ಟಳು. ಹಿರಣ್ಯಗರ್ಭ ಅರಸರು ಮಾಡುತ್ತಿದ್ದ ಮಹಾದಾನ. ವಂಶ ಹೇಳುವಾಗ ಶಾಸನ ತಂದೆಯ ಹೆಸರು ತೆಗೆಯುವುದಿಲ್ಲ. ಅಜ್ಜಿ ರೇವಮಂಚಳು, ತಾಯಿ ಕುಚಿಪೋಟಿ, ಆಮೇಲೆ ವಿನಾಪೋಟಿ. ಇದು ಅಕ್ಷರದ ಭಾವಚಿತ್ರ.

ಲೋಹದ ಭಾವಚಿತ್ರ ತಿರುಮಲೆಯಲ್ಲಿದೆ. ದೇವಾಲಯದ ಮಂಟಪದಲ್ಲಿ ಕೃಷ್ಣದೇವರಾಯ ಕೈಮುಗಿದು ನಿಂತಿದ್ದಾನೆ. ಎರಡೂ ಬದಿಗೆ ತಿರುಮಲಾದೇವಿ, ಚಿನ್ನಾದೇವಿ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಅರಸನ ಮೂವರು ಮುಖ್ಯ ರಾಣಿಯರಲ್ಲಿ ಒಬ್ಬಳು ಮೊದಲು ಗಣಿಕೆಯಾಗಿದ್ದಳು, ಪಟ್ಟಕ್ಕೆ ಬಂದರೆ ಮದುವೆಯಾಗುವೆ ಎಂಬ ಮಾತನ್ನು ಅವಳು ಪಡೆದಿದ್ದಳು ಎನ್ನುತ್ತಾನೆ. ಮುಂದೆ ನೂನಿಜ್ ಅವಳನ್ನು ಚಿನ್ನಾದೇವಿ ಎಂದು ಹೆಸರಿಸುತ್ತಾನೆ. ಆದರೆ ಪ್ರತಿಮೆ ನೋಡಿ ಯಾರು ಗಣಿಕೆ, ಯಾರು ಕುಲವಧು ಅಂತ ಹೇಳೋಕೆ ಆಗಲ್ಲ. ಇಬ್ಬರದೂ ಅದೇ ಭಂಗಿ, ಅದೇ ಮುಗಿದ ಕೈ. 1513ರ ತಿರುಮಲೆ ಶಾಸನಗಳಲ್ಲೂ ಇಬ್ಬರೂ ದೇವರಿಗೆ ಹಾಲಿನ ನೈವೇದ್ಯಕ್ಕೆ ಚಿನ್ನದ ಬಟ್ಟಲು ಕೊಟ್ಟವರು. ಹಿಂದಿನ ಬದುಕಿನ ಮಾತು ಪ್ರವಾಸಿಯ ಬರಹದಲ್ಲಿ ಮಾತ್ರ. ಇನ್ನೊಂದು ಮಾತು: ರಾಯ ಹೊಸ ಪಟ್ಟಣ ಕಟ್ಟಿದ್ದು ಈ ಪ್ರೇಯಸಿಗಾಗಿ ಎನ್ನುತ್ತಾನೆ ಪಾಯೆಸ್. ಹೊಸಪೇಟೆಯಲ್ಲಿ ಕೇಳಿದರೆ ಅದು ತಾಯಿ ನಾಗಲಾಂಬಿಕೆಯ ನೆನಪಿನ ನಾಗಲಾಪುರ ಅಂತಾರೆ. ಊರಿನ ನೆನಪಿನಲ್ಲಿ ತಾಯಿಗೆ ಜಾಗ ಸಿಕ್ಕಿತು, ಪ್ರೇಯಸಿಗೆ ಸಿಗಲಿಲ್ಲ.

ಹಾಗಂತ ಆ ಕಾಲ ಹೆಣ್ಣಿಗೆ ಸ್ವರ್ಗವಾಗಿತ್ತು ಅಂತ ನಾನು ವಾದಿಸುತ್ತಿಲ್ಲ. ಮೂರು ತಲೆಮಾರಿನ ಹೆಸರುಗಳು ಹೆಮ್ಮೆಯನ್ನು ತೋರಿಸುವಂತೆಯೇ, ವೃತ್ತಿಯೂ ತಾಯಿಯಿಂದ ಮಗಳಿಗೆ ಬಂದಿರಬಹುದೆಂಬ ಸೂಚನೆಯನ್ನೂ ಕೊಡುತ್ತವೆ. ಬೇಡ ಅನ್ನುವ ಅವಕಾಶ ವಿನಾಪೋಟಿಗೆ ಇತ್ತೇ? ಶಾಸನ ಅದನ್ನು ಹೇಳುವುದಿಲ್ಲ. ದಾನ ಕೊಟ್ಟವರ ಹೆಸರು ಮಾತ್ರ ಕಲ್ಲಿಗೆ ಏರುತ್ತಿತ್ತು ಎಂಬುದನ್ನೂ ಮರೆಯಬಾರದು. ಕೊಡಲು ಏನೂ ಇಲ್ಲದ ಗಣಿಕೆಯರೇ ಹೆಚ್ಚು.

ನಾನು ಕೇಳುವುದು ಇಷ್ಟೇ. ಪಠ್ಯದಲ್ಲಿ ಇಂಥ ಶಾಸನ ಬಂದಾಗ ನಾವು ನಾಚಿಕೊಂಡು ‘ಸೂಳೆ’ಯನ್ನು ‘ರಾಣಿ’ ಎಂದು ತಿದ್ದುತ್ತೇವೆ, ಇಲ್ಲವೇ ಇಂದಿನ ಬೈಗುಳದ ಅರ್ಥದಲ್ಲೇ ಓದುತ್ತೇವೆ. ಎರಡರಲ್ಲೂ ಅವಳು ಕಾಣೆಯಾಗುತ್ತಾಳೆ. ಪದವನ್ನು ಹಾಗೆಯೇ ಇಟ್ಟು, ಪಕ್ಕದಲ್ಲಿ ಅವಳು ಮಾಡಿದ ಕೆಲಸವನ್ನೂ ಬರೆಯೋಣ. ಚರ್ಚೆಗೆ ಸ್ವಾಗತ.