ಹವಾನಾ ಸಿಗಾರ್: ರುಚಿಯ ಹಿಂದಿನ ರಸಾಯನ

1962ರ ಫೆಬ್ರುವರಿ ಮೊದಲ ವಾರ. ಅಮೆರಿಕದ ಅಧ್ಯಕ್ಷ ಜಾನ್ ಕೆನೆಡಿ ಒಂದು ಸಂಜೆ ತಮ್ಮ ಪತ್ರಿಕಾ ಕಾರ್ಯದರ್ಶಿ ಪಿಯರ್ ಸಾಲಿಂಜರ್ ಅವರನ್ನು ಕರೆಸಿ, ಮರುದಿನ ಬೆಳಿಗ್ಗೆಯೊಳಗೆ ಸಾವಿರ ಕ್ಯೂಬನ್ ಸಿಗಾರ್ ಹೊಂದಿಸಿಕೊಡಲು ಹೇಳಿದರು. ಸಾಲಿಂಜರ್ ಅಂಗಡಿ ಅಂಗಡಿ ಅಲೆದು 1,200 ತಂದರು. ಸುದ್ದಿ ಕೇಳಿ ಕೆನೆಡಿ ನಕ್ಕರು. ಮೇಜಿನ ಖಾನೆಯಿಂದ ಒಂದು ಕಾಗದ ತೆಗೆದು ಸಹಿ ಹಾಕಿದರು. ಅದು ಕ್ಯೂಬಾದ ಸಮಸ್ತ ಸರಕಿಗೂ ಅಮೆರಿಕದ ಬಾಗಿಲು ಮುಚ್ಚುವ ಆಜ್ಞೆ! ಸಾಲಿಂಜರ್ ಅವರೇ ಮುಂದೆ ಹೇಳಿಕೊಂಡ ಪ್ರಸಂಗವಿದು. ಆ ನಿರ್ಬಂಧ ನಡುನಡುವೆ ಸಡಿಲವಾದದ್ದುಂಟು, ಪೂರ್ತಿ ತೆರವಾಗಿಲ್ಲ.

ಒಂದು ದೇಶವನ್ನು ದೂರವಿಡಲು ಹೊರಟ ಮನುಷ್ಯನಿಗೂ ಆ ದೇಶದ ಒಣ ಎಲೆಯ ಮೋಹ ಬಿಡಲಿಲ್ಲ. ಆ ಎಲೆಯಲ್ಲಿ ಅಂಥದ್ದೇನಿದೆ? ನಾನು ಸೇದುವವನಲ್ಲ. ಸೇದದವನಿಗೆ ಸಿಗಾರಿನ ಗೊಡವೆ ಏಕೆ, ಅದೂ ಮಕ್ಕಳು ಓದುವ ಪುಟದಲ್ಲಿ, ಎಂದು ಪೋಷಕರು ಹುಬ್ಬೇರಿಸಬಹುದು. ಆದರೆ ಸಸ್ಯಶಾಸ್ತ್ರ, ಸೂಕ್ಷ್ಮಜೀವಿಗಳ ಕೆಲಸ, ಆಮ್ಲ-ಪ್ರತ್ಯಾಮ್ಲಗಳ ಪಾಠ ಎಲ್ಲವೂ ಒಂದೇ ಕಡೆ ಸಿಗುವ ಇಂಥ ವಸ್ತು ಅಪರೂಪ. ಅಲ್ಲದೆ, ‘ಸಿಗಾರಿನ ಹೊಗೆಯನ್ನು ಒಳಕ್ಕೆ ಎಳೆಯುವುದಿಲ್ಲ, ಬಾಯಲ್ಲೇ ರುಚಿ ನೋಡಿ ಬಿಡುತ್ತಾರೆ, ಹಾಗಾಗಿ ಅಪಾಯವಿಲ್ಲ’ ಎಂಬ ಮಾತನ್ನು ಓದಿಕೊಂಡವರ ಬಾಯಿಂದಲೇ ಕೇಳಿದ್ದೇನೆ. ಆ ಮಾತನ್ನು ಪರೀಕ್ಷೆಗೆ ಒಡ್ಡಬೇಕಾದರೆ ಎಲೆಯ ಕಥೆಯನ್ನು ಮೊದಲಿನಿಂದ ತಿಳಿಯಬೇಕು.

ಬೇರಿನಲ್ಲಿ ಹುಟ್ಟುವ ವಿಷ

ಕ್ಯೂಬಾದ ಪಶ್ಚಿಮ ತುದಿಯಲ್ಲಿ ಪಿನಾರ್ ದೆಲ್ ರಿಯೊ ಎಂಬ ಪ್ರಾಂತ್ಯ. ಅಲ್ಲಿನ ವುವೆಲ್ತಾ ಅಬಾಹೊ ಎಂಬ ಸೀಮೆಯ ಕೆಂಪು ಮರಳುಮಿಶ್ರಿತ ನೆಲದಲ್ಲಿ ಬೆಳೆದ ಹೊಗೆಸೊಪ್ಪಿಗೆ ಜಗತ್ತಿನಲ್ಲೇ ಹೆಚ್ಚು ಬೆಲೆ. ಮಳೆಗಾಲ ಮುಗಿಯುತ್ತಿದ್ದಂತೆ ಒಟ್ಲು ಹಾಕಿ, ಸುಮಾರು ಒಂದೂವರೆ ತಿಂಗಳಿಗೆ ಸಸಿ ಕಿತ್ತು ನೆಡುತ್ತಾರೆ. ಜನವರಿಯಿಂದ ಮಾರ್ಚ್‌ವರೆಗೆ ಕೊಯ್ಲು. ಇಡೀ ಗಿಡವನ್ನು ಒಮ್ಮೆಗೇ ಕಡಿಯುವುದಿಲ್ಲ. ಕೆಳಗಿನಿಂದ ಮೇಲಕ್ಕೆ, ದಿನಗಳ ಅಂತರ ಕೊಟ್ಟು ಎರಡು ಮೂರು ಎಲೆಯಂತೆ ಕೈಯಲ್ಲೇ ಮುರಿಯುತ್ತಾರೆ.

ಗಿಡ ಮೊಗ್ಗು ಬಿಡುವ ಹೊತ್ತಿಗೆ ರೈತ ಅದರ ತುದಿ ಚಿವುಟುತ್ತಾನೆ. ಹೂವಿಗೆ ಹೋಗಬೇಕಿದ್ದ ಶಕ್ತಿ ಎಲೆಗೆ ತಿರುಗುತ್ತದೆ. ಜೊತೆಗೆ ನಿಕೋಟಿನ್ ಕೂಡ ಏರುತ್ತದೆ. ನಿಕೋಟಿನ್ ಗಿಡ ತನ್ನನ್ನು ಮೇಯಲು ಬರುವ ಹುಳುಗಳ ವಿರುದ್ಧ ಸಿದ್ಧಪಡಿಸಿಕೊಂಡ ವಿಷ. ಸ್ವಾರಸ್ಯವೆಂದರೆ ಅದು ತಯಾರಾಗುವುದು ಎಲೆಯಲ್ಲಲ್ಲ, ಬೇರಿನಲ್ಲಿ. ಟೊಮೆಟೊ ಬೇರಿನ ಮೇಲೆ ಹೊಗೆಸೊಪ್ಪಿನ ಕಾಂಡವನ್ನು ಕಸಿ ಮಾಡಿದರೆ ಬರುವ ಎಲೆಗಳಲ್ಲಿ ನಿಕೋಟಿನ್ ಇಲ್ಲವೆನ್ನುವಷ್ಟು ಕಡಿಮೆ. ತಿರುಗಾಮುರುಗಾ ಮಾಡಿದರೆ ಟೊಮೆಟೊ ಎಲೆಯಲ್ಲಿ ನಿಕೋಟಿನ್! ಹೊಗೆಸೊಪ್ಪು, ಟೊಮೆಟೊ, ಬದನೆ, ಮೆಣಸಿನಕಾಯಿ ಎಲ್ಲವೂ ಒಂದೇ ಕುಟುಂಬದವು ಎಂಬುದನ್ನು ಹತ್ತನೆಯ ತರಗತಿಯವರು ನೆನಪಿಸಿಕೊಳ್ಳಬಹುದು.

ಸಿಗಾರಿನ ಹೊರಹೊದಿಕೆಗೆ ತೆಳ್ಳನೆಯ, ನಯವಾದ ಎಲೆ ಬೇಕು. ಅದಕ್ಕಾಗಿ ಹೊಲದ ಮೇಲೆಲ್ಲ ತೆಳುಬಟ್ಟೆಯ ಚಪ್ಪರ ಹಾಕಿ ಅರೆನೆರಳಿನಲ್ಲಿ ಬೆಳೆಸುತ್ತಾರೆ. ಒಳಗೆ ತುಂಬುವ ಎಲೆ ಮಾತ್ರ ಬಿಸಿಲಲ್ಲೇ ಬೆಳೆಯಬೇಕು. ಇವುಗಳಲ್ಲಿ ಗಿಡದ ಬುಡದ ಎಲೆ ‘ವೊಲಾದೊ’, ಚೆನ್ನಾಗಿ ಉರಿಯುತ್ತದೆ. ನಡುವಿನದು ‘ಸೆಕೊ’, ಪರಿಮಳಕ್ಕೆ. ತುದಿಯದು ‘ಲಿಹೆರೊ’, ಬಿಸಿಲು ಹೆಚ್ಚು ಕುಡಿದ, ದಪ್ಪ, ಖಾರದ ಎಲೆ. ನಿಕೋಟಿನ್ ಕೂಡ ಇದರಲ್ಲೇ ಜಾಸ್ತಿ.

ಗೊಬ್ಬರದಲ್ಲೂ ಒಂದು ಗುಟ್ಟಿದೆ. ಎಲೆಯಲ್ಲಿ ಪೊಟ್ಯಾಸಿಯಂ ಇದ್ದರೆ ಕೆಂಡ ಒಂದೇ ಸಮನೆ ಉರಿಯುತ್ತದೆ. ಕ್ಲೋರೈಡ್ ಹೆಚ್ಚಿದರೆ ಆರಿ ಆರಿ ಹೋಗುತ್ತದೆ. ಹಾಗಾಗಿ ನಮ್ಮ ಹೊಲಗಳಿಗೆಲ್ಲ ಹಾಕುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಹೊಗೆಸೊಪ್ಪಿಗೆ ನಿಷಿದ್ಧ. ಸಲ್ಫೇಟ್ ರೂಪದ ಪೊಟ್ಯಾಷನ್ನೇ ಕೊಡಬೇಕು. ಹುಣಸೂರು, ಪಿರಿಯಾಪಟ್ಟಣದ ಬೆಳೆಗಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಹುಣಸೂರಿನ ವಾರ, ಕ್ಯೂಬಾದ ಐವತ್ತು ದಿನ

ಹುಣಸೂರಿನ ಹೆಸರು ಬಂದದ್ದು ಒಳ್ಳೆಯದೇ ಆಯಿತು. ಅಲ್ಲಿ ಬೆಳೆಯುವ ವರ್ಜೀನಿಯಾ ಹೊಗೆಸೊಪ್ಪು ಸಿಗರೇಟಿಗೆ ಹೋಗುವಂಥದ್ದು. ಅದನ್ನು ಬ್ಯಾರನ್ ಎಂದು ಕರೆಯುವ ಮನೆಗಳಲ್ಲಿ ಕಟ್ಟಿ, ಸೌದೆಯ ಉರಿಯಿಂದ ಕಾಯಿಸಿದ ಕೊಳವೆಗಳ ಶಾಖದಲ್ಲಿ ಒಂದು ವಾರದೊಳಗೆ ಹದ ಮಾಡುತ್ತಾರೆ. ಬಿಸಿ ಬೇಗ ಏರುವುದರಿಂದ ಎಲೆಯ ಕಿಣ್ವಗಳು ಸತ್ತುಹೋಗುತ್ತವೆ. ಪಿಷ್ಟದಿಂದ ಹುಟ್ಟಿದ ಸಕ್ಕರೆ ಎಲೆಯಲ್ಲೇ ಉಳಿಯುತ್ತದೆ, ಬಣ್ಣ ಹೊಂಬಣ್ಣ.

ಕ್ಯೂಬಾದಲ್ಲಿ ಬೆಂಕಿ ಇಲ್ಲ. ಎತ್ತರದ ಮರದ ಮನೆಯಲ್ಲಿ ಎಲೆಗಳನ್ನು ಗಳುಗಳ ಮೇಲೆ ತೂಗುಹಾಕಿ, ಗಾಳಿಗೆ ಬಿಟ್ಟು, ಸುಮಾರು ಐವತ್ತು ದಿನ ಕಾಯುತ್ತಾರೆ. ಎಲೆ ನಿಧಾನವಾಗಿ ಸಾಯುತ್ತದೆ. ಪತ್ರಹರಿತ್ತು ಕರಗಿ ಹಳದಿ ಹೊರಬರುತ್ತದೆ, ಆಮೇಲೆ ಕಂದು. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುತ್ತದಲ್ಲ, ಅದೇ ಬಗೆಯ ಕ್ರಿಯೆ. ಈ ಐವತ್ತು ದಿನಗಳಲ್ಲಿ ಎಲೆ ತನ್ನ ಸಕ್ಕರೆಯನ್ನೆಲ್ಲ ತಾನೇ ತಿಂದು ಮುಗಿಸಿಬಿಟ್ಟಿರುತ್ತದೆ. ಈ ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಮುಂದಿನದು ರಾಶಿ ಹಾಕುವ ಕೆಲಸ. ಒಣಗಿದ ಎಲೆಗೆ ನೀರಿನ ತೇವ ಕೊಟ್ಟು ಒತ್ತೊತ್ತಾಗಿ ಪೇರಿಸುತ್ತಾರೆ. ಹಸಿ ಹುಲ್ಲಿನ ಬಣವೆ ಒಳಗೆ ಕೈಯಿಟ್ಟವರಿಗೆ ಗೊತ್ತು, ಒಳಗೇ ಕಾವು ಏಳುತ್ತದೆ. ಇಲ್ಲೂ ಹಾಗೆಯೇ. ಕಿಣ್ವಗಳೂ ಬ್ಯಾಕ್ಟೀರಿಯಾಗಳೂ ಎಲೆಯ ಪ್ರೋಟೀನನ್ನು ಒಡೆಯುತ್ತವೆ. ಅಮೋನಿಯಾ ಮೂಗಿಗೆ ಹೊಡೆಯುವಷ್ಟು ಹೊರಬರುತ್ತದೆ. ಕಾವು ಮಿತಿಮೀರಿದರೆ ರಾಶಿ ಬಿಚ್ಚಿ, ಒಳಗಿನದನ್ನು ಹೊರಕ್ಕೆ, ಹೊರಗಿನದನ್ನು ಒಳಕ್ಕೆ ಮಾಡಿ ಮತ್ತೆ ಪೇರಿಸುವುದು. ಕಟುತನ ಇಳಿದು ಪರಿಮಳ ಹುಟ್ಟುವುದು ಈ ರಾಶಿಯಲ್ಲೇ. ಆಮೇಲೆ ಎಲೆ ಮೂಟೆ ಸೇರಿ ಮಾಗಬೇಕು. ಖಾರದ ಲಿಹೆರೊ ಎಲೆಗಾದರೆ ಕನಿಷ್ಠ ಎರಡು ವರ್ಷ.

ಇಷ್ಟೆಲ್ಲ ಶ್ರಮವನ್ನು ಒಂದು ಬೂಷ್ಟು ನುಂಗಬಲ್ಲದು. 1980ರಲ್ಲಿ ನೀಲಿ ಬೂಷ್ಟು ರೋಗ ಕ್ಯೂಬಾದ ಹೊಗೆಸೊಪ್ಪಿನ ಬಹುಪಾಲನ್ನು ನುಂಗಿಹಾಕಿತು. 2022ರ ಸೆಪ್ಟೆಂಬರ್‌ನಲ್ಲಿ ಇಯಾನ್ ಚಂಡಮಾರುತ ಪಿನಾರ್ ದೆಲ್ ರಿಯೊದ ಸಾವಿರಾರು ಒಣಗಿಸುವ ಮನೆಗಳನ್ನು ನೆಲಸಮ ಮಾಡಿತು.

ಓದಿಸುತ್ತಾ ಸುತ್ತುವ ಕೈಗಳು

ಇಷ್ಟಾದ ಮೇಲೆ ಎಲೆ ಬರುವುದು ಕುಶಲಕರ್ಮಿಯ ಮೇಜಿಗೆ. ಆತನಲ್ಲಿ, ಈಗ ಹೆಚ್ಚಾಗಿ ಆಕೆಯಲ್ಲಿ, ಇರುವ ಮುಖ್ಯ ಆಯುಧ ಹಿಡಿಯಿಲ್ಲದ ಒಂದು ಬಾಗಿದ ಅಲಗು. ನಿಧಾನ ಉರಿಯುವ ಲಿಹೆರೊ ನಡುವೆ, ಸುತ್ತ ಸೆಕೊ ಮತ್ತು ವೊಲಾದೊ. ಅದನ್ನು ಹಿಡಿದಿಡಲು ಒಂದು ಕಟ್ಟುಎಲೆ, ಮೇಲೆ ಚಪ್ಪರದಡಿ ಬೆಳೆದ ಹೊದಿಕೆ. ಕೊನೆಗೆ ತುದಿಗೆ ಎಲೆಯದೇ ಟೋಪಿ, ರುಚಿಯಿಲ್ಲದ ಸಸ್ಯಜನ್ಯ ಅಂಟಿನಿಂದ. ಬಿಗಿಯಾಗಿ ಸುತ್ತಿದರೆ ಹೊಗೆ ಬಾರದು. ಸಡಿಲವಾದರೆ ಬೇಗ ಉರಿದು ಬಾಯಿ ಸುಡುತ್ತದೆ. ಈ ಹದ ಬೆರಳಿಗೆ ಬರಲು ವರ್ಷಗಳು ಬೇಕು.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಆ ಕೋಣೆಯ ಮುಂದೆ ಎತ್ತರದ ಪೀಠದ ಮೇಲೆ ಕುಳಿತ ಇನ್ನೊಬ್ಬ ವ್ಯಕ್ತಿ. ಕೆಲಸ: ಓದಿ ಹೇಳುವುದು. 1865ರಲ್ಲಿ ಹವಾನಾದ ಎಲ್ ಫಿಗಾರೊ ಕಾರ್ಖಾನೆಯಲ್ಲಿ ಈ ಪದ್ಧತಿ ಶುರುವಾಯಿತು. ಕೈ ಸುತ್ತುತ್ತಿದ್ದರೂ ಕಿವಿ ಬಿಡುವಾಗಿರುತ್ತದಲ್ಲ! ಓದುವವನ ಸಂಬಳವನ್ನು ಕೂಲಿಕಾರರೇ ತಮ್ಮ ಗಳಿಕೆಯಿಂದ ಒಟ್ಟು ಮಾಡಿ ಕೊಡುತ್ತಿದ್ದರು. ಬೆಳಿಗ್ಗೆ ವೃತ್ತಪತ್ರಿಕೆ, ಮಧ್ಯಾಹ್ನ ಕಾದಂಬರಿ. ಅಕ್ಷರ ಬಾರದವರೂ ಹ್ಯೂಗೊ, ಡ್ಯೂಮಾರ ಕಥೆ ಬಲ್ಲವರಾದರು. ಕೂಲಿಕಾರರು ಹೀಗೆ ಲೋಕ ತಿಳಿಯುವುದು ಸ್ಪೇನಿನ ಆಡಳಿತಕ್ಕೆ ಹಿಡಿಸಲಿಲ್ಲ. ಮರುವರ್ಷವೇ ನಿಷೇಧ ಬಂತು. ಆದರೆ ಓದು ಮತ್ತೆ ಚಿಗುರಿತು. ಕ್ಯೂಬಾದ ಸ್ವಾತಂತ್ರ್ಯ ಹೋರಾಟಕ್ಕೆ ಹೊಸೆ ಮಾರ್ತಿ ಹಣ ಎತ್ತಿದ್ದು ಫ್ಲಾರಿಡಾಕ್ಕೆ ವಲಸೆ ಹೋಗಿದ್ದ ಇದೇ ಸಿಗಾರ್ ಕಾರ್ಮಿಕರಿಂದ. 1935ರಲ್ಲಿ ಹುಟ್ಟಿದ ‘ಮಾಂತೆಕ್ರಿಸ್ತೊ’ ಸಿಗಾರಿನ ಹೆಸರು ಡ್ಯೂಮಾನ ಕಾದಂಬರಿಯಿಂದ ಬಂದದ್ದು. ಓದು ಹಿಡಿಸಿದರೆ ಕಾರ್ಮಿಕರು ಚಪ್ಪಾಳೆ ತಟ್ಟುವುದಿಲ್ಲ, ಅಲಗನ್ನು ಮೇಜಿಗೆ ಕುಟ್ಟುತ್ತಾರೆ. ಈ ಸಂಪ್ರದಾಯ ಇಂದಿಗೂ ಉಳಿದಿದೆ.

ನಾಲಿಗೆಯೋ, ಮೂಗೋ?

ಇನ್ನು ರುಚಿ ನೋಡುವ ವಿಧಿ. ಬಲ್ಲವರು ಮೊದಲು ಸಿಗಾರನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡುತ್ತಾರೆ. ಪೆಟ್ಟಿಗೆಯ ಆರ್ದ್ರತೆ 65ರಿಂದ 70ರಷ್ಟಿದ್ದರೆ ಎಲೆ ಮೆತ್ತಗಿದ್ದು ಹಿಂದಕ್ಕೆ ಪುಟಿಯುತ್ತದೆ. ತುದಿಯ ಟೋಪಿ ಕತ್ತರಿಸಿ, ಹಚ್ಚುವ ಮೊದಲೇ ಒಮ್ಮೆ ಗಾಳಿ ಎಳೆದು ಎಲೆಯ ವಾಸನೆ ಗ್ರಹಿಸುತ್ತಾರೆ. ಹಚ್ಚಲು ದೇವದಾರು ಜಾತಿಯ ಮರದ ಚಕ್ಕೆಯೋ, ವಾಸನೆಯಿಲ್ಲದ ಬ್ಯೂಟೇನ್ ಉರಿಯೋ ಬೇಕು. ಮೇಣದಬತ್ತಿ, ಪೆಟ್ರೋಲ್ ಲೈಟರ್ ಕೂಡದು. ನಿಮಿಷಕ್ಕೊಂದು ಸಲ ಎಳೆದರೆ ಸಾಕು. ಆತುರಪಟ್ಟರೆ ಕೆಂಡ ಕಾದು ಹೊಗೆ ಕಹಿಯಾಗುತ್ತದೆ. ಸಿಗಾರನ್ನು ಮೂರು ಭಾಗ ಮಾಡಿ, ಮೊದಲ ಭಾಗ ಮೃದು, ನಡುವಿನದು ತುಂಬು, ಕೊನೆಯದು ಖಾರ ಎಂದು ವರ್ಣಿಸುವುದುಂಟು. ಹೊಗೆ ತಾನು ಹಾದುಬರುವ ಎಲೆಯಲ್ಲಿ ತನ್ನ ಡಾಂಬರನ್ನು ಬಿಟ್ಟು ಬರುತ್ತದೆ, ಆ ಎಲೆ ಆಮೇಲೆ ಉರಿಯುತ್ತದೆ. ಕೊನೆಕೊನೆಗೆ ಖಾರವಾಗದೆ ಇನ್ನೇನು?

ಕಾಫಿ, ಕೋಕೊ, ಚರ್ಮ, ಒದ್ದೆ ಮಣ್ಣು, ಮೆಣಸು — ರುಚಿ ನೋಡುವವರ ಈ ಪದಗಳು ಬರೀ ಬಡಾಯಿಯಲ್ಲ. ನಾಲಿಗೆಗೆ ಸಿಹಿ, ಹುಳಿ, ಉಪ್ಪು, ಕಹಿಗಳ ಜೊತೆಗೆ ಉಮಾಮಿಯನ್ನು ಸೇರಿಸಿದರೆ ಲೆಕ್ಕ ಮುಗಿಯಿತು. ಮಿಕ್ಕದ್ದೆಲ್ಲ ಬಾಯಿಯ ಹಿಂಭಾಗದಿಂದ ಮೂಗಿಗೆ ಏರುವ ವಾಸನೆ. ಮೂಗು ಬಿಗಿ ಹಿಡಿದು ಒಂದು ಗುಟುಕು ಕಾಫಿ ಕುಡಿದು ನೋಡಿ: ಕಹಿ, ಸಿಹಿ ಉಳಿಯುತ್ತವೆ, ಕಾಫಿ ಮಾಯವಾಗುತ್ತದೆ. ಹುರಿದ ಕಾಫಿ ಬೀಜದಲ್ಲಿರುವ ಪಿರಾಜೀನ್‌ಗಳೆಂಬ ಸಂಯುಕ್ತಗಳು ಸಿಗಾರ್ ಹೊಗೆಯಲ್ಲೂ ಇವೆ. ‘ಮೆಣಸು’ ಮಾತ್ರ ರುಚಿಯೂ ಅಲ್ಲ, ವಾಸನೆಯೂ ಅಲ್ಲ. ಬಾಯಿ, ಮೂಗುಗಳ ಒಳಪದರ ಉರಿ ತಾಳಲಾರದೆ ಕೊಡುವ ದೂರು. ಅದರಲ್ಲಿ ನಿಕೋಟಿನ್ನಿನ ಪಾಲೂ ಇದೆ.

ಸುಣ್ಣದ ಗುಟ್ಟು

ಈಗ ಮೊದಲ ಪ್ರಶ್ನೆಗೆ ಬರೋಣ. ಒಳಕ್ಕೆ ಎಳೆಯದಿದ್ದರೆ ಅಪಾಯವಿಲ್ಲವೆ?

ಎಲೆ ತನ್ನ ಸಕ್ಕರೆಯನ್ನು ತಿಂದು ಮುಗಿಸಿತ್ತು ಎಂದೆನಲ್ಲ. ಸಕ್ಕರೆ ಉಳಿದ ಎಲೆ ಉರಿದರೆ ಆಮ್ಲಗಳು ಹುಟ್ಟುತ್ತವೆ. ಹಾಗಾಗಿ ಸಿಗರೇಟಿನ ಹೊಗೆಯ ಪಿಎಚ್ ಸುಮಾರು 6, ಅಂದರೆ ತುಸು ಆಮ್ಲೀಯ. ಸಕ್ಕರೆಯಿಲ್ಲದ, ಅಮೋನಿಯಾದ ಅಂಶ ಉಳಿದಿರುವ ಸಿಗಾರಿನ ಹೊಗೆಯ ಪಿಎಚ್ 8ರ ಆಸುಪಾಸು, ಅಂದರೆ ಕ್ಷಾರೀಯ. ನಿಕೋಟಿನ್ ಸ್ವತಃ ಪ್ರತ್ಯಾಮ್ಲ. ಆಮ್ಲೀಯ ಹೊಗೆಯಲ್ಲಿ ಅದು ಲವಣವಾಗಿ ಕಟ್ಟಿಬಿದ್ದಿರುತ್ತದೆ, ರಕ್ತಕ್ಕೆ ಸೇರಲು ಶ್ವಾಸಕೋಶದವರೆಗೆ ಹೋಗಬೇಕು. ಕ್ಷಾರೀಯ ಹೊಗೆಯಲ್ಲಿ ಅದು ಬಿಡುಗಡೆಯಾಗಿ, ಕೆನ್ನೆಯ ಒಳಪದರದಿಂದಲೇ ನೇರ ರಕ್ತಕ್ಕೆ ಇಳಿಯುತ್ತದೆ. ಸಿಗಾರ್ ಸೇದುವವರು ಹೊಗೆ ಎಳೆಯದಿರುವುದು ಸಂಯಮದಿಂದಲ್ಲ. ಕ್ಷಾರೀಯ ಹೊಗೆ ಗಂಟಲನ್ನು ಕೆರೆಯುತ್ತದೆ, ಎಳೆಯುವ ಅಗತ್ಯವೂ ಇಲ್ಲ!

ಇದು ನಮ್ಮ ಜಗಲಿಗಳಿಗೆ ಹೊಸದೇನಲ್ಲ. ಹೊಗೆಸೊಪ್ಪನ್ನು ಅಂಗೈಯಲ್ಲಿಟ್ಟು ಸುಣ್ಣ ಹಚ್ಚಿ ತಿಕ್ಕುವ ಅಜ್ಜಂದಿರನ್ನು ನೋಡಿಲ್ಲವೆ? ಸುಣ್ಣವಿಲ್ಲದೆ ‘ಹಿಡಿಯುವುದಿಲ್ಲ’ ಎನ್ನುತ್ತಾರೆ. ಸುಣ್ಣ ಕ್ಷಾರ. ಅದು ಮಾಡುವುದೂ ಇದೇ ಬಿಡುಗಡೆಯ ಕೆಲಸವನ್ನು. ಹವಾನಾದ ದುಬಾರಿ ಸಿಗಾರಿನಲ್ಲಿ ಸುಣ್ಣದ ಕೆಲಸವನ್ನು ಐವತ್ತು ದಿನದ ಗಾಳಿ ಮತ್ತು ಆ ರಾಶಿಯ ಕಾವು ಮಾಡಿಟ್ಟಿರುತ್ತವೆ, ಅಷ್ಟೆ.

ಪ್ರಮಾಣವನ್ನೂ ನೋಡಿ. ಒಂದು ಸಿಗರೇಟಿನಲ್ಲಿರುವ ಹೊಗೆಸೊಪ್ಪು ಒಂದು ಗ್ರಾಮಿಗಿಂತ ಕಡಿಮೆ. ದೊಡ್ಡ ಸಿಗಾರ್ ಒಂದರಲ್ಲಿ ಇಡೀ ಪ್ಯಾಕ್ ಸಿಗರೇಟಿನಷ್ಟು ಇರಬಹುದು. ಅದು ಒಂದು ಗಂಟೆಗೂ ಹೆಚ್ಚು ಹೊತ್ತು ಉರಿಯುತ್ತದೆ. ಆ ಹೊಗೆಯನ್ನು ಕೋಣೆಯಲ್ಲಿರುವ ಮಕ್ಕಳೂ ಉಸಿರಾಡಲೇಬೇಕು, ಬಾಯಲ್ಲಿಟ್ಟು ಬಿಡುವ ಆಯ್ಕೆ ಅವರಿಗಿಲ್ಲ.

ಪರಿಮಳ ಕೊಟ್ಟ ರಾಶಿಗೆ ಇನ್ನೊಂದು ಮುಖವಿದೆ. ಎಲೆಯಲ್ಲಿನ ನೈಟ್ರೇಟನ್ನು ಅದೇ ಬ್ಯಾಕ್ಟೀರಿಯಾಗಳು ನೈಟ್ರೈಟ್ ಆಗಿಸುತ್ತವೆ. ನೈಟ್ರೈಟ್ ನಿಕೋಟಿನ್ನಿನ ಬಳಗದೊಡನೆ ಕೂಡಿ ನೈಟ್ರೋಸಮೀನ್‌ಗಳಾಗುತ್ತದೆ. ಇವು ಕ್ಯಾನ್ಸರ್ ತರುವ ರಾಸಾಯನಿಕಗಳು. ಕಟುತನ ಕಳೆಯುವ ಕ್ರಿಯೆಯೊಳಗೇ ಇದೂ ನಡೆಯುತ್ತದೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಸೋಸಿ ತೆಗೆಯುವ ಕಲೆ ಯಾವ ಕುಶಲಕರ್ಮಿಗೂ ಸಿದ್ಧಿಸಿಲ್ಲ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1998ರಲ್ಲಿ ಸಿಗಾರ್ ಕುರಿತೇ ಒಂದು ದೊಡ್ಡ ವರದಿ ಹೊರತಂದಿತು. ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶ ಈ ನಾಲ್ಕೂ ಕಡೆಯ ಕ್ಯಾನ್ಸರಿಗೆ ಸಿಗಾರ್ ಕಾರಣವೆಂದು ಅದು ಹೇಳಿತು.

ಕ್ಯೂಬಾಕ್ಕೆ ಇದು ಗೊತ್ತಿಲ್ಲದ ವಿಷಯವಲ್ಲ. ಫಿಡೆಲ್ ಕ್ಯಾಸ್ಟ್ರೊ ಎಂದರೆ ಗಡ್ಡ ಮತ್ತು ಸಿಗಾರ್ ಎಂಬಷ್ಟು ಆ ಚಿತ್ರ ಜನಮನದಲ್ಲಿ ಅಚ್ಚಾಗಿತ್ತು. ಮೊದಲಿಗೆ ಅವರಿಗೂ ಸರ್ಕಾರದ ಅತಿಥಿಗಳಿಗೂ ಮಾತ್ರ ಸಿಗುತ್ತಿದ್ದ ‘ಕೊಹಿಬಾ’ ಇಂದು ಆ ದೇಶದ ಅತ್ಯಂತ ಹೆಸರಾಂತ ಸಿಗಾರ್. ಅದೇ ಕ್ಯಾಸ್ಟ್ರೊ 1985ರಲ್ಲಿ, ತಮ್ಮ ದೇಶದ ಆರೋಗ್ಯ ಪ್ರಚಾರಕ್ಕೆ ಮೇಲ್ಪಂಕ್ತಿಯಾಗಲೆಂದು ಸಿಗಾರ್ ಸೇದುವುದನ್ನು ನಿಲ್ಲಿಸಿದರು. 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕಾಗಿ ಅವರಿಗೆ ಪದಕ ನೀಡಿತು. 2016ರಲ್ಲಿ, ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.